ತೊಳೆದ ಕಾಲು

ಪೂಜ್ಯ ಸವರಿನಾಥ ಸ್ವಾಮಿಗಳು ನಮ್ಮೂರು ಕೆಂಚನಕಟ್ಟೆಯ ಕ್ರೈಸ್ತ ಗುಡಿಗೆ ಗುರುಗಳಾಗಿ ಬಂದಾಗ ಅವರ ಜೊತೆ ಬಂದದ್ದು ಒಂದು ತಗಡಿನ ಪೆಟ್ಟಿಗೆ, ಎರಡು ನಿಲುವಂಗಿ ಮತ್ತು ಒಂದು ಕಂಬಳಿ. ಗುಡಿಯ ಪಕ್ಕದಲ್ಲಿದ್ದ ಗುರುಮನೆಯೆಂದರೆ ಎರಡೇ ಕೋಣೆ, ಮುಂದೊಂದು ಜಗಲಿ. ಒಂದು ಕೋಣೆ ಮಳೆಗಾಲದಲ್ಲಿ ಸೋರುತ್ತಿತ್ತು, ಇನ್ನೊಂದು ಗಟ್ಟಿಯಾಗಿತ್ತು. ಸ್ವಾಮಿಗಳು ಸೋರುವ ಕೋಣೆಯಲ್ಲಿ ತಾವು ಮಲಗಿ, ಗಟ್ಟಿ ಕೋಣೆಯನ್ನು ದಾರಿಹೋಕರಿಗೆ ಬಿಟ್ಟುಕೊಟ್ಟಿದ್ದರು. ಕಣಿ ಹೇಳುವವರು, ಪಾತ್ರೆಗೆ ಕಲಾಯಿ ಹಾಕುವವರು, ಊರೂರು ತಿರುಗುವ ಹಾವಾಡಿಗರು, ಯಾರಾದರೂ ಸರಿ. ಹಾವಾಡಿಗ ಬಂದ ದಿನ ಅವನ ಬುಟ್ಟಿಯನ್ನು ಎಲ್ಲಿಡಬೇಕೆಂಬುದಷ್ಟೇ ಅವರಿಗೆ ಚಿಂತೆಯಾಗಿತ್ತಂತೆ.

ನಮ್ಮೂರ ಜನಕ್ಕೆ ಇದು ಸರಿಬರಲಿಲ್ಲ. ಸಂತರು ದೂರದೂರಿನಲ್ಲಿದ್ದರೆ ಕೈಮುಗಿಯುವುದು ಸುಲಭ, ಪಕ್ಕದಲ್ಲೇ ಇದ್ದರೆ ಕಷ್ಟ. ಸ್ವಾಮಿಗಳ ಮೇಲೆ ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದವನು ಸಂತಿಯಾಗಪ್ಪ. "ಇದು ಗುರುಮನೆಯೋ ಧರ್ಮಛತ್ರವೋ" ಎಂದು ಅವನು ಗುಡಿಯ ಮೆಟ್ಟಿಲ ಮೇಲೆ ನಿಂತೇ ಕೇಳುತ್ತಿದ್ದ. ಈ ಪ್ರಸಂಗವನ್ನು ನನಗೆ ಹೇಳಿದವನೂ ಅವನೇ. ವಯಸ್ಸಿನಲ್ಲಿ ನನಗಿಂತ ಮೂವತ್ತು ವರ್ಷ ಹಿರಿಯನಾದ ಅವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಓದುಗರು ಬೇಸರಿಸಬಾರದು. ಎಂದಾದರೂ ಬರೆದರೆ ಹಾಗೇ ಬರೆಯಬೇಕೆಂದು ಅವನೇ ನನ್ನಿಂದ ಮಾತು ತೆಗೆದುಕೊಂಡಿದ್ದ.

ಪವಿತ್ರ ಗುರುವಾರದ ಸಂಜೆ ಗುರುಗಳು ಹನ್ನೆರಡು ಜನರ ಪಾದ ತೊಳೆಯುವುದು ನಮ್ಮ ಎಲ್ಲ ಗುಡಿಗಳಲ್ಲೂ ಇರುವ ಪದ್ಧತಿ. ಪ್ರಭು ಯೇಸು ತಮ್ಮ ಕೊನೆಯ ಭೋಜನದ ದಿನ ಹನ್ನೆರಡು ಶಿಷ್ಯರ ಕಾಲು ತೊಳೆದದ್ದರ ನೆನಪು ಅದು. ಆದರೆ ಕೆಂಚನಕಟ್ಟೆಯಲ್ಲಿ ಆ ಹನ್ನೆರಡು ಜನ ಯಾರು ಬೇಕಾದರೂ ಆಗುವಂತಿರಲಿಲ್ಲ. ಹನ್ನೆರಡು ಮನೆತನಗಳಿಗೆ ಹನ್ನೆರಡು ಹಲಸಿನ ಮಣೆಗಳಿದ್ದವು, ತಂದೆಯ ನಂತರ ಮಗನಿಗೆ ಎಂಬಂತೆ. ಮೊದಲನೆಯದು ರಾಯಪ್ಪರ ಮಣೆ. ಸಂತ ಪೇತ್ರರನ್ನು ನಮ್ಮ ಹಿರಿಯರು ರಾಯಪ್ಪರೆಂದೇ ಕರೆಯುತ್ತಿದ್ದರು. ಹನ್ನೆರಡನೆಯದು ನ್ಯಾಯವಾಗಿ ಪ್ರಭುವನ್ನು ಹಿಡಿದುಕೊಟ್ಟ ಯೂದನ ಮಣೆಯಾಗಬೇಕಿತ್ತು. ಯಾರೂ ಕೂರಲೊಪ್ಪದೆ ಅದಕ್ಕೆ, ಯೂದನ ಜಾಗಕ್ಕೆ ಆಮೇಲೆ ಬಂದ ಮತ್ತೀಯರ ಮಣೆ ಎಂದು ಹೆಸರಿಟ್ಟು ಹೇಗೋ ದಾಟಿಸಿಕೊಂಡಿದ್ದರು. ಯೂದನ ಗುಣ ನಮ್ಮಲ್ಲಿ ಯಾರಿಗೂ ಇಲ್ಲವೆಂದಲ್ಲ, ಹೆಸರು ಮಾತ್ರ ಬೇಡವಾಗಿತ್ತು.

ರಾಯಪ್ಪರ ಮಣೆ ಸಂತಿಯಾಗಪ್ಪನ ಮನೆತನದ್ದು. ಅಂದು ಮಣೆಯವರು ಮಧ್ಯಾಹ್ನವೇ ಸೀಗೆಪುಡಿ ಹಾಕಿ ಮಿಂದು, ಬೆಣಚುಕಲ್ಲಿನಿಂದ ಹಿಮ್ಮಡಿ ಉಜ್ಜಿ, ಪಾದಗಳಿಗೆ ಒದ್ದೆಯ ಬಿಳಿ ಬಟ್ಟೆ ಸುತ್ತಿಕೊಂಡು, ನೆಲ ಸೋಕದ ಹಾಗೆ ಹಲಗೆಯ ಮೇಲೆ ಕಾಲಿಟ್ಟು ಕೂರುತ್ತಿದ್ದರು. ಗುರುಗಳ ಕೈಗೆ ಧೂಳಿನ ಕಾಲು ಕೊಡಬಾರದೆಂಬ ಭಕ್ತಿಯಿಂದ ಶುರುವಾದದ್ದಂತೆ. ಕೊನೆಕೊನೆಗೆ ಯಾರ ಕಾಲು ಹೆಚ್ಚು ಬೆಳ್ಳಗಿದೆ ಎಂಬ ಪೈಪೋಟಿಯೇ ಉಳಿದಿತ್ತು. ಮನೆಯಲ್ಲೊಮ್ಮೆ, ಗುಡಿಯ ಬಾಗಿಲಲ್ಲೊಮ್ಮೆ ತೊಳೆದು ತಂದ ಕಾಲನ್ನೇ ಗುರುಗಳು ಮೂರನೆಯ ಬಾರಿ ತೊಳೆಯಬೇಕಾಗಿತ್ತು.

ಸ್ವಾಮಿಗಳು ಬಂದ ನಾಲ್ಕನೆಯ ವರ್ಷದ ಮಾತು. ಗುರುವಾರ ಮಧ್ಯಾಹ್ನ ಸಂತಿಯಾಗಪ್ಪನ ಮನೆಯವರೆಲ್ಲ ಗುಡಿ ಸಾರಿಸಲು ಹೋಗಿದ್ದರು. ಅವನೊಬ್ಬನೇ ಜಗಲಿಯ ಬೆಂಚಿನ ಮೇಲೆ, ಸುತ್ತಿದ ಕಾಲುಗಳನ್ನು ಹಲಗೆಯ ಮೇಲಿಟ್ಟು ಜಪಸರ ಎಣಿಸುತ್ತ ಕೂತಿದ್ದ. ಅವನದು ಬೀದಿಯ ಕೊನೆಯ ಮನೆ, ಆಚೆಗೆ ಕೆರೆ. ಆಗ ಕೆರೆಯಂಗಳದಿಂದ ಹೆಂಗಸೊಬ್ಬಳು ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಓಡಿಬಂದಳು. ಸವೆದ ಒರಳುಕಲ್ಲು, ಬೀಸುವ ಕಲ್ಲುಗಳಿಗೆ ಉಳಿಯಿಂದ ಮುಳ್ಳು ಹೊಡೆದು ಒರಟು ಮಾಡಿಕೊಡುತ್ತ ಊರೂರು ತಿರುಗುವ ಜನ ಅವಳದು. ಹೆಸರು ಸುಂಕಮ್ಮ ಎಂದು ಆಮೇಲೆ ತಿಳಿಯಿತು.

"ನನ್ ಗಂಡ ಕೆರೇಲಿ ಹೂತ್ಕೊಂಡವ್ನೆ ಅಣ್ಣ. ಜ್ವರದ ಮೈ. ಒಂದು ಕೈ ಹಾಕಿ ಬನ್ನಿ."

ನಮ್ಮ ಕೆರೆಯ ಗುಣ ಊರಿನವರಿಗೆ ಗೊತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹೂಳಿನ ಮೇಲ್ಮೈ ಒಣಗಿ ಬಿರಿದು ಗಟ್ಟಿ ನೆಲದ ಹಾಗೆ ಕಾಣುತ್ತದೆ, ಒಳಗೆ ಆಳುದ್ದ ಕೆಸರಿರುತ್ತದೆ. ಊರಿನವರು ಏರಿಯ ಮೇಲೆ ಸುತ್ತಿ ಹೋಗುತ್ತಾರೆ. ಜ್ವರದಲ್ಲಿ ಬೇಯುತ್ತಿದ್ದ ಗಂಡನನ್ನು ಬೇಗ ತಮ್ಮ ಬಿಡಾರ ಮುಟ್ಟಿಸಬೇಕೆಂದು ಸುಂಕಮ್ಮ ಅಡ್ಡದಾರಿ ಹಿಡಿದಿದ್ದಳು. ಅವನು ಸೊಂಟದ ತನಕ ಇಳಿದುಬಿಟ್ಟಿದ್ದ. ಸಂತಿಯಾಗಪ್ಪ ಎದ್ದು ನಿಂತಿದ್ದರೆ ಜಗಲಿಯಿಂದಲೇ ಆ ಹೂತವನ ತಲೆ ಕಾಣುತ್ತಿತ್ತು. ಅವನು ಏಳಲಿಲ್ಲ.

ಸಂತಿಯಾಗಪ್ಪ ಕೆಟ್ಟವನಲ್ಲ. ನಲವತ್ತೈದರ ಗಟ್ಟಿ ಆಳು. ಬೇರೆ ದಿನವಾಗಿದ್ದರೆ ಒಂದೇ ನೆಗೆತಕ್ಕೆ ಕೆರೆಗಿಳಿದು ಆ ಮನುಷ್ಯನನ್ನು ಎತ್ತಿ ಹಾಕಿಬಿಡುತ್ತಿದ್ದ. ಎತ್ತಿನ ಬಂಡಿಯನ್ನೇ ಭುಜ ಕೊಟ್ಟು ಮೇಲೆತ್ತಿದವನು. ಆದರೆ ಅಂದು ಕೆರೆಗಿಳಿದರೆ ಮತ್ತೆ ಮೀಯಬೇಕು, ಮತ್ತೆ ಉಜ್ಜಬೇಕು, ಕಪ್ಪು ಹೂಳು ಉಗುರಿನ ಸಂದಿಯಿಂದ ಎರಡು ದಿನವಾದರೂ ಹೋಗುವುದಿಲ್ಲ. ಇಡೀ ಊರ ಮುಂದೆ ರಾಯಪ್ಪರ ಮಣೆಯ ಮೇಲೆ ಕರಿ ಉಗುರಿನ ಕಾಲು ಚಾಚುವುದು ಹೇಗೆ? ತನ್ನ ಕೈಲಾಗದು, ಮುಂದಿನ ಮನೆಗಳಲ್ಲಿ ಕೇಳು ಎಂದ. ಅಷ್ಟಕ್ಕೇ ಬಿಡಲಿಲ್ಲ, ಗೋಡೆಯ ಗೂಟದಲ್ಲಿ ಸೇದುವ ಹಗ್ಗವಿದೆ, ತೆಗೆದುಕೊಂಡು ಹೋಗು ಎಂದೂ ಹೇಳಿದ. ಸುಂಕಮ್ಮ ಅವನ ಕಾಲುಗಳನ್ನೊಮ್ಮೆ ನೋಡಿದಳು. ಹಗ್ಗ ಎಳೆದುಕೊಂಡು ಓಡಿದಳು. ಹಗ್ಗ ಕೊಟ್ಟೆನಲ್ಲ ಎಂದು ಸಂತಿಯಾಗಪ್ಪ ಸಮಾಧಾನ ಹೇಳಿಕೊಂಡು, ಬಿಟ್ಟಿದ್ದ ಮಣಿಯಿಂದ ಜಪಸರ ಮುಂದುವರಿಸಿದ.

ಆ ಬೀದಿಯಲ್ಲಿ ಇನ್ನೂ ಎರಡು ಮಣೆಯ ಮನೆಗಳಿದ್ದವು. ಅಲ್ಲಿಯೂ ಕಾಲು ಸುತ್ತಿಕೊಂಡೇ ಕೂತಿದ್ದರು. ಉಳಿದ ಮನೆಗಳಿಗೆ ಚಿಲಕ. ಹೀಗೆ ಬಾಗಿಲಿಂದ ಬಾಗಿಲಿಗೆ ಓಡಿ ಸುಂಕಮ್ಮ ಗುಡಿಯ ಹಿಂದಿನ ಬಾವಿಯ ಬಳಿ ಬರುವ ಹೊತ್ತಿಗೆ ಬಹಳ ಹೊತ್ತಾಗಿತ್ತು. ಸಂಜೆಯ ಪಾದ ತೊಳೆಯುವ ನೀರಿಗೆಂದು ಸ್ವಾಮಿಗಳು ಅಲ್ಲಿ ತಾಮ್ರದ ಕೊಡ ಹಿಡಿದು ನೀರು ಸೇದುತ್ತಿದ್ದರು. ಅವಳ ಮಾತು ಕೇಳಿ ಅವರು ಹೊರಟರು. ಅರವತ್ತು ದಾಟಿದ ಜೀವ, ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ ಕೆರೆಯಂಗಳದಲ್ಲಿ ಓಡಿದ್ದನ್ನು ದೂರದ ಹೊಲದಿಂದ ನೋಡಿದವರಿದ್ದಾರೆ.

ಮೇಲೆ ಸುಡುವ ಬಿಸಿಲು, ಕೆಳಗೆ ಎದೆಯ ತನಕ ಕೆಸರು. ಸ್ವಾಮಿಗಳು ಹೂಳಿನ ಮೇಲೆ ಬೋರಲು ಮಲಗಿ ತೆವಳಿ, ಹಗ್ಗವನ್ನು ಅವನ ಕಂಕುಳಲ್ಲಿ ಕಟ್ಟಿ, ಆ ಹೆಂಗಸೂ ತಾವೂ ಸೇರಿ ಮೊಳಮೊಳವಾಗಿ ಎಳೆದರು. ಅವನ ಹೆಸರು ಪೋತಪ್ಪ. ಅವನನ್ನು ಬೆನ್ನ ಮೇಲೆ ಹೊತ್ತು ಗುರುಮನೆಯ ಜಗಲಿಗೆ ತಂದು ಮಲಗಿಸಿದರು. ಬಾಯಿಗೆ ಬಿಟ್ಟ ನೀರಿನಲ್ಲಿ ಒಂದು ಗುಟುಕು ಒಳಗೆ ಹೋಯಿತು. ಡಾಕ್ಟರನ್ನು ಕರೆತರಲು, ಗುಡಿಯಲ್ಲಿ ಧರ್ಮಪಾಠ ಹೇಳುವ ಉಪದೇಶಿಗಳು ಸೈಕಲ್ ಹತ್ತಿ ಹೊರಟಿದ್ದರು. ಅವರು ಊರು ದಾಟುವ ಮೊದಲೇ ಪೋತಪ್ಪ ಉಸಿರು ಬಿಟ್ಟ.

ಐದಕ್ಕೆ ಶುರುವಾಗಬೇಕಿದ್ದ, ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ ಆರೂವರೆಗೆ ಶುರುವಾಯಿತು. ಅಷ್ಟು ಹೊತ್ತು ಹನ್ನೆರಡು ಜನ ಮಣೆಗಳ ಮೇಲೆ ಕೂತೇ ಇದ್ದರು. ಕೆರೆಯಲ್ಲಿ ಯಾರೋ ಪರದೇಶಿ ಸತ್ತನಂತೆ ಎಂಬ ಪಿಸುಮಾತು ಬೆಂಚಿನಿಂದ ಬೆಂಚಿಗೆ ಹರಿಯಿತು. ಬೇರೆ ಯಾರೋ ಇರಬೇಕು ಎಂದು ಸಂತಿಯಾಗಪ್ಪನ ಮನಸ್ಸು ಹೇಳಿತು. ಬೇರೆ ಯಾರೂ ಇರಲಾರರೆಂದು ಅವನಿಗೆ ಗೊತ್ತಿತ್ತು.

ಸ್ವಾಮಿಗಳು ಪೂಜಾವಸ್ತ್ರ ಧರಿಸಿ ಬಂದರು. ಕೈ ಮಾತ್ರ ತೊಳೆದುಕೊಂಡಿದ್ದರು, ಮೈ ತೊಳೆದುಕೊಳ್ಳಲು ಅವರಿಗೆ ವ್ಯವಧಾನವಾಗಿರಲಿಲ್ಲ. ಪ್ರವಚನದಲ್ಲಿ ಅವರು ಯಾರನ್ನೂ ಬಯ್ಯಲಿಲ್ಲ. ನಮ್ಮ ಬಾಗಿಲಿಗೆ ಬಂದ ಪೋತಪ್ಪನ ಆತ್ಮಕ್ಕಾಗಿ ಎಲ್ಲರೂ ಪ್ರಾರ್ಥಿಸಬೇಕೆಂದು ಮಾತ್ರ ಕೇಳಿಕೊಂಡರು. ಆಮೇಲೆ ಸೊಂಟಕ್ಕೆ ವಸ್ತ್ರ ಬಿಗಿದು, ತಂಬಿಗೆ ಬೋಗುಣಿ ಹಿಡಿದು ರಾಯಪ್ಪರ ಮಣೆಯ ಮುಂದೆ ಮೊಣಕಾಲೂರಿದರು. ಸಂತಿಯಾಗಪ್ಪ ಬಟ್ಟೆ ಬಿಚ್ಚಿ ಬಲಗಾಲು ಚಾಚಿದ. ಸ್ವಾಮಿಗಳು ಆ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಈ ಕಾಲಿನಲ್ಲಿ ತೊಳೆಯೋದಕ್ಕೆ ಏನೂ ಇಲ್ಲವಲ್ಲ, ಸಂತಿಯಾಗಪ್ಪ" ಎಂದರು.

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಆ ಹೆಂಗಸು ಮೊದಲು ಯಾರ ಮನೆಗೆ ಹೋಗಿದ್ದಳೆಂದು ಸ್ವಾಮಿಗಳಿಗೆ ತಿಳಿದೇ ಇರಲಿಲ್ಲ. ದಣಿದಿದ್ದರು, ಕಂಡದ್ದನ್ನು ಹೇಳಿದರು. ಆದರೂ ನಿಯಮದಂತೆ ನೀರೆರೆದರು, ಒರೆಸಿದರು, ಬಾಗಿ ಮುತ್ತಿಟ್ಟರು. ಹಾಗೆ ಬಾಗಿದಾಗ ಅವರ ಬೆನ್ನ ಹಿಂದೆ ಅವರದೇ ಎರಡು ಅಂಗಾಲುಗಳು ಸಂತಿಯಾಗಪ್ಪನಿಗೆ ಕಂಡವು. ಹೂಳು ಒಣಗಿ ಕಪ್ಪಾಗಿ ಬಿರಿದಿತ್ತು, ಒಂದು ಬೆರಳಿನಿಂದ ರಕ್ತ ಜಿನುಗುತ್ತಿತ್ತು. ಬೋಗುಣಿಯ ನೀರು ಬಾವಿಯಿಂದ ಬಂದಷ್ಟೇ ತಿಳಿಯಾಗಿತ್ತು. "ಆ ತಿಳಿನೀರನ್ನು ನೋಡಿ ನನಗೆ ಓಡಿಹೋಗುವ ಹಾಗಾಯಿತು, ಆದರೆ ಓಡಲಿಲ್ಲ. ಅವತ್ತು ಯಾವುದಕ್ಕೂ ಏಳಲಿಲ್ಲ ನಾನು" ಎಂದು ಸಂತಿಯಾಗಪ್ಪ ನನಗೆ ಹೇಳಿದ.

ಮಾರನೆಯ ದಿನ ಶುಭ ಶುಕ್ರವಾರ. ಬೆಳಿಗ್ಗೆ ಸುಂಕಮ್ಮನ ಕಡೆಯವರು ಬಂದು ಹೆಣ ಹೊತ್ತುಕೊಂಡು ಹೋದರು. ಆಮೇಲೆ ಸಂತಿಯಾಗಪ್ಪ ಗುರುಮನೆಗೆ ಹೋದಾಗ ಸ್ವಾಮಿಗಳು ಕೂತು ತೆಂಗಿನ ನಾರಿನಿಂದ ಜಗಲಿ ಉಜ್ಜುತ್ತಿದ್ದರು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಅವಳು ಬಂದದ್ದು, ತಾನು ಏಳದೆ ಇದ್ದದ್ದು, ಹಗ್ಗ ಕೊಟ್ಟು ತೃಪ್ತಿಪಟ್ಟದ್ದು. ಸ್ವಾಮಿಗಳು ಏನಾದರೂ ಬಯ್ದರೆ ಹಗುರಾದೇನು ಎಂದುಕೊಂಡಿದ್ದ. ಅವರು ಬಯ್ಯಲಿಲ್ಲ. ನಾರನ್ನು ಕೆಳಗಿಟ್ಟರು.

"ನೀನು ಹೋಗಲಿಲ್ಲ. ನಾನು ಕೊಡ ತುಂಬಿಸಿ ಹೋದೆ" ಎಂದರು.

ಅವಳು ಬಂದು ಕೂಗಿದಾಗ ಕೊಡ ಅರ್ಧ ತುಂಬಿತ್ತಂತೆ. ಪೂಜೆಯ ನೀರು, ಅರ್ಧಕ್ಕೆ ಬಿಡಬಾರದೆಂದು ಸ್ವಾಮಿಗಳು ಇನ್ನೆರಡು ಸಲ ಸೇದಿ, ಕೊಡ ತುಂಬಿಸಿ, ಬಾಯಿಗೆ ಬಟ್ಟೆ ಮುಚ್ಚಿ ಆಮೇಲೆ ಓಡಿದ್ದರು. ಎರಡು ಸೇದುವಿಕೆಗೆ ಎಷ್ಟು ಹೊತ್ತು ಹಿಡಿದೀತು? ನನ್ನಂಥವನಿಗೆ ಅದು ಪಾಪವೆಂದೇ ತೋರದು. ಸ್ವಾಮಿಗಳು ಅದನ್ನು ಕೊನೆಯ ತನಕ ಮರೆಯಲಿಲ್ಲ. ಪೋತಪ್ಪನ ಆಯಸ್ಸು ಅಷ್ಟೇ ಇತ್ತೋ, ಆ ಎರಡು ಸೇದುವಿಕೆಯಷ್ಟು ಕಡಿಮೆಯಾಯಿತೋ ದೇವರೇ ಬಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಗಾದೆ ಹೇಳುತ್ತದೆ. ಆ ಗಾದೆ ಮಾಡಿದವನ ಬಾಗಿಲಿಗೆ ಸುಂಕಮ್ಮ ಬಂದಿರಲಿಲ್ಲ.

ಶನಿವಾರ, ಪ್ರಭು ಸಮಾಧಿಯಲ್ಲಿದ್ದ ದಿನ, ಇಬ್ಬರೂ ಹೊರಟರು. ಕಲ್ಲು ಕುಟ್ಟುವವರ ಬಿಡಾರ ಆರು ಮೈಲಿ ದೂರದಲ್ಲಿ, ಸಂತೆ ಬಯಲಿನ ಅಂಚಿನಲ್ಲಿತ್ತು. ದಾರಿಯುದ್ದಕ್ಕೂ ಸಂತಿಯಾಗಪ್ಪ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ. ಸುಂಕಮ್ಮ ಗುಡಾರದ ಮುಂದೆ ಕೂತು ಯಾರದೋ ಒರಳುಕಲ್ಲಿಗೆ ಮುಳ್ಳು ಹೊಡೆಯುತ್ತಿದ್ದಳು. ಗಂಡ ಮಣ್ಣಿಗೆ ಹೋದ ಮಾರನೆಯ ದಿನವೇ ಉಳಿ ಹಿಡಿಯಬೇಕಾದ ಬದುಕು. ಸ್ವಾಮಿಗಳನ್ನು ಕಂಡು ಎದ್ದು ಬಂದು ಕಾಲಿಗೆ ಬಿದ್ದಳು. ಆಮೇಲೆ ಹಿಂದೆ ನಿಂತಿದ್ದವನ ಮುಖ ನೋಡಿ ಗುರುತು ಹಿಡಿದಳು. ಅವಳ ಕಣ್ಣು ನೇರ ಅವನ ಕಾಲಿಗೆ ಹೋಯಿತು.

"ವಾಸಿಯಾಯ್ತಾ ಅಣ್ಣ?" ಎಂದಳು. "ಕಾಲಿಗೆ ಬಟ್ಟೆ ಸುತ್ಕೊಂಡು ಹಲಗೆ ಮ್ಯಾಲೆ ಇಟ್ಕೊಂಡಿದ್ರಲ್ಲ, ಕಾಲು ಬಾರದೋರು ಅಂದ್ಕೊಂಡಿದ್ದೆ. ಪಾಪ, ಕಾಲಿಲ್ದಿದ್ರೂ ಹಗ್ಗ ಕೊಟ್ರು ಅಂತ ನಮ್ಮೋರಿಗೆಲ್ಲ ಹೇಳ್ದೆ."

ಒಳಗೆ ಹೋಗಿ ಹಗ್ಗ ತಂದಳು. ಕೆಸರು ಹೋಗುವಂತೆ ಒಗೆದು, ಒಣಗಿಸಿ, ಸುರುಳಿ ಸುತ್ತಿ ಇಟ್ಟಿದ್ದಳು. ಹಿಂದಿರುಗಿಸಬೇಕೆಂದು ಅವಳೇ ಬರುವವಳಿದ್ದಳಂತೆ.

ಇಲ್ಲಿ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಕಾಲಿದ್ದವನು ಬಾರದೆ ಕೂತಾನೆಂಬುದು ಆ ತಾಯಿಯ ಮನಸ್ಸಿಗೇ ಹೊಳೆದಿರಲಿಲ್ಲ. ಸಂತಿಯಾಗಪ್ಪ "ಹೌದಮ್ಮ, ಈಗ ವಾಸಿ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆರು ಮೈಲಿಯಿಂದ ಹೊತ್ತು ತಂದ ಮಾತೆಲ್ಲ ಅಲ್ಲೇ ಬಿಟ್ಟು ಹಗುರಾಗಿ ಮನೆಗೆ ಹೋಗಬಹುದಿತ್ತು, ಅವಳ ಮನಸ್ಸೂ ನೋಯುತ್ತಿರಲಿಲ್ಲ. ಅವನು ಸ್ವಾಮಿಗಳ ಕಡೆ ನೋಡಿದ. ಸ್ವಾಮಿಗಳು ನೆಲ ನೋಡುತ್ತಿದ್ದರು.

"ಇಲ್ಲ ತಾಯಿ. ನನ್ ಕಾಲು ಚೆನ್ನಾಗೇ ಇತ್ತು. ಪೂಜೆಗೆ ಅಂತ ತೊಳ್ಕೊಂಡಿದ್ದೆ. ಕೊಳೆ ಆಗ್ತದೆ ಅಂತ ಬರ್ಲಿಲ್ಲ."

ಸುಂಕಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳು ಕೂಗಾಡಲಿಲ್ಲ. ಕೈಯಲ್ಲಿದ್ದ ಹಗ್ಗವನ್ನು ಅವನಿಗೂ ತನಗೂ ನಡುವೆ ನೆಲಕ್ಕೆ ಹಾಕಿದಳು.

"ಇಲ್ಲೀಗಂಟ ನನಗೆ ಯಾರ ಮ್ಯಾಲೂ ಸಿಟ್ಟಿರ್ಲಿಲ್ಲ" ಎಂದಳು. "ಜ್ವರ ಬಂತು, ಕೆಸರು ಎಳ್ಕೊಂತು, ಹೋದ ಅಂದ್ಕೊಂಡಿದ್ದೆ. ಯಾಕೆ ಹೇಳಕ್ ಬಂದ್ರಿ ನೀವು?"

ಅವಳು ತಿರುಗಿ ಹೋಗಿ ಕಲ್ಲಿನ ಮುಂದೆ ಕೂತಳು. ಉಳಿಯ ಸದ್ದು ಮತ್ತೆ ಶುರುವಾಯಿತು. ಸ್ವಾಮಿಗಳು ಅವಳ ಎದುರು ಹೋಗಿ, ತಮ್ಮ ಕೊಡದ ವಿಷಯವನ್ನೂ ಹೇಳಿ ಕೈಮುಗಿದರು. ಅವಳು ಅವರ ಕಡೆಯೂ ತಲೆಯೆತ್ತಲಿಲ್ಲ.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಸಂತಿಯಾಗಪ್ಪ ಕೇಳಿದ, ತಾನು ಸುಳ್ಳು ಹೇಳಿದ್ದರೆ ಅವಳ ಮನಸ್ಸಾದರೂ ತಣ್ಣಗಿರುತ್ತಿತ್ತಲ್ಲವೇ ಎಂದು. ನಿಜ ಹೇಳಿ ತನ್ನ ಭಾರವನ್ನು ಅವಳ ತಲೆಗೆ ಹೊರಿಸಿ ಬಂದೆನೇ ಎಂಬುದು ಅವನ ಸಂಕಟ. ಸ್ವಾಮಿಗಳು ನಡೆಯುತ್ತಲೇ ಉತ್ತರ ಕೊಟ್ಟರು.

"ಅವಳ ದುಃಖಕ್ಕೆ ಹೋಗಿ ಬಡಿಯೋದಕ್ಕೆ ಒಂದು ಬಾಗಿಲು ಇರಲಿಲ್ಲ. ಈಗ ನಿನ್ನದಿದೆ. ಹಾಕಬೇಡ."

ಸಂತಿಯಾಗಪ್ಪ ಆ ಬಾಗಿಲನ್ನು ಹಾಕಲಿಲ್ಲ. ರಾಯಪ್ಪರ ಮಣೆಯನ್ನು ಬಿಟ್ಟುಕೊಟ್ಟ. ಅದಕ್ಕಾಗಿ ಅವನ ದಾಯಾದಿಗಳು ಕಚ್ಚಾಡಿದ್ದನ್ನು ಬರೆಯಲು ನನಗೆ ನಾಚಿಕೆ. ಗುರುಮನೆಯ ಗಟ್ಟಿ ಕೋಣೆ ತುಂಬಿದ ದಿನ ಉಳಿದವರು ಅವನ ಮನೆಗೆ ಬರತೊಡಗಿದರು. ಕರೆದವರ ಹಿಂದೆ ಅವನು ಚಪ್ಪಲಿಯನ್ನೂ ಹುಡುಕದೆ ಹೊರಟುಬಿಡುತ್ತಿದ್ದ. ಹೆರಿಗೆ ನೋವಿನವಳನ್ನು ಬಂಡಿಯಲ್ಲಿ ಆಸ್ಪತ್ರೆಗೆ ಮುಟ್ಟಿಸಿದ, ಸಿಡುಬಿನವರ ಪಕ್ಕದಲ್ಲಿ ಕೂತ, ಕುಡಿದು ಕೆರೆಗಿಳಿದ ಒಬ್ಬನನ್ನೇ ಮೂರು ವರ್ಷ ಮೂರು ಸಲ ಎಳೆದು ಹಾಕಿದ. ಬಂದವರ ಜಾತಿ ಮತ ಕೇಳಲಿಲ್ಲ. ಯೇಸುವಿನ ಹೆಸರನ್ನು ಅವನು ಅವರೆದುರು ಎತ್ತಿದ್ದೂ ಕಡಿಮೆ. ಆದರೂ ಅವನ ಮನೆಯಲ್ಲಿ ಒಂದು ರಾತ್ರಿ ಕಳೆದವರು ಗುಡಿಯ ಮುಂದೆ ಹಾದುಹೋಗುವಾಗ ತಾವಾಗಿ ಕೈಮುಗಿಯುತ್ತಿದ್ದರು. ಸ್ವಾಮಿಗಳು ತೀರಿಕೊಂಡಾಗ ಅವರ ಪಾದಗಳನ್ನು ತೊಳೆದವನು ಅವನೇ.

ಸುಂಕಮ್ಮ ಮಾತ್ರ ಬರಲಿಲ್ಲ. ಅವಳ ಜನ ಬಿಡಾರ ಎತ್ತಿ ಯಾವ ಸೀಮೆಗೆ ಹೋದರೋ ತಿಳಿಯಲಿಲ್ಲ. ಕಲ್ಲು ಕುಟ್ಟುವವರು ಯಾರೇ ಬಂದರೂ ಸಂತಿಯಾಗಪ್ಪ ಅವಳ ಹೆಸರು ಹೇಳಿ ವಿಚಾರಿಸುತ್ತಿದ್ದ. ಬಂದು ಎರಡು ಮಾತು ಬಯ್ದು ಹೋಗಲಿ ಎಂಬುದಷ್ಟೇ ಅವನ ಆಸೆಯಾಗಿತ್ತು. ಆಮೇಲೆ ಊರಿಗೆ ಮಿಕ್ಸಿ ಬಂತು, ಕಲ್ಲು ಕುಟ್ಟುವವರು ಬರುವುದೇ ನಿಂತಿತು.

ಅವನು ಸಾಯುವ ವಾರ ನಾನು ನೋಡಲು ಹೋಗಿದ್ದೆ. ಎಂಬತ್ತು ದಾಟಿತ್ತು. ಎರಡೂ ಕಾಲು ಸೋತು ವರ್ಷವಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಿಗೆ ಎದುರಾಗಿ ಹಾಸಿಗೆ ಹಾಕಿಸಿಕೊಂಡಿದ್ದ. ನಾನು ಹೊಸ್ತಿಲ ಮೇಲೆ ನಿಂತಾಗ ಬೆಳಕಿಗೆ ಅಡ್ಡವಾಗಿ ಒಂದು ಆಕಾರ ಅವನಿಗೆ ಕಂಡಿರಬೇಕು. ಕೈಯೂರಿ ಎದ್ದು ಕೂತ.

"ಬಂದೆಯಾ ತಾಯಿ. ಇರು, ಬಂದೆ" ಎಂದ. ಆ ಸತ್ತ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ನೆಲಕ್ಕೆ ಇಟ್ಟ.

ಭಕ್ತಿಯಿಂದ ಇದನ್ನು ಓದುತ್ತಿರುವವರೇ, ಪೂಜ್ಯ ಸವರಿನಾಥ ಸ್ವಾಮಿಗಳು ನಮ್ಮೂರಿನಲ್ಲಿ ಮಾಡಿದ ಪವಾಡ ಯಾವುದೆಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಆ ಎರಡು ಕಾಲುಗಳನ್ನು. ಆದರೆ ಅಂದು ನನಗೆ ಅಷ್ಟು ಬುದ್ಧಿ ಓಡಲಿಲ್ಲ. ಅವನು ಬಿದ್ದಾನೆಂಬ ಗಾಬರಿಯಲ್ಲಿ ನಾನು ನನ್ನ ಹೆಸರು ಹೇಳಿಬಿಟ್ಟೆ. ಅವನು "ಓ, ನೀವಾ" ಎಂದು ಮೆಲ್ಲಗೆ ಹಿಂದಕ್ಕೆ ಒರಗಿದ. ಇನ್ನೊಂದು ಗಳಿಗೆ ನಾನು ಸುಮ್ಮನೆ ನಿಂತಿರಬಹುದಿತ್ತು.